ಹಲಗೆಯಿಲ್ಲದ ಶಾಖೆಗಳು: ಕನ್ನಡ ಗಣಕ ಪರಿಷತ್ತಿನ ನೆನಪಿಗೆ

ಶಿಫ್ಟನ್ನು ಲೆಕ್ಕಕ್ಕೆ ಹಿಡಿಯದಿದ್ದರೆ, ‘ಶ್ರೀರಂಗಪಟ್ಟಣ’ ಎಂದು ಟೈಪಿಸಲು 12 ಸಲ ಕೀಲಿ ಒತ್ತಬೇಕು, ಅದರಲ್ಲಿ ಎರಡು ಸಲ ಎಫ್. ನಾಗಮಂಗಲಕ್ಕೆ ಏಳೇ ಸಾಕು, ಎಫ್ ಬೇಕಿಲ್ಲ. ಪಾಂಡವಪುರಕ್ಕೂ ಬೇಕಿಲ್ಲ. ಕೃಷ್ಣರಾಜಪೇಟೆಯಲ್ಲಿ ‘ಷ್ಣ’ ಇರುವುದರಿಂದ ಒಂದು ಸಲ ಬೇಕು. ಎಫ್ ಎಂದರೆ ಒತ್ತಕ್ಷರ ಕೂಡಿಸುವ ಕೀಲಿ. ತಾಲ್ಲೂಕು ಕಚೇರಿ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಅರ್ಜಿ ಹೊಡೆದುಕೊಡುವವರು ಇದನ್ನು ಯೋಚಿಸುವುದೂ ಇಲ್ಲ, ಬೆರಳು ತಾನೇ ಹೋಗುತ್ತದೆ.

ನಾಡಿನ ಬೆರಳುಗಳೆಲ್ಲ ಹೀಗೆ ಒಂದೇ ಕಡೆ ಹೋಗುವಂತೆ ಮಾಡಿದ್ದರಲ್ಲಿ ಬೆಂಗಳೂರಿನ ಕನ್ನಡ ಗಣಕ ಪರಿಷತ್ತಿನ ಪಾಲು ದೊಡ್ಡದು. ಬಲ್ಲವರ ಬಾಯಲ್ಲಿ ಅದು ‘ಕಗಪ’. 1990ರ ದಶಕದಲ್ಲಿ ಶ್ರೀಲಿಪಿ, ಆಕೃತಿ, ಪ್ರಕಾಶಕ ಎಂದು ತಂತ್ರಾಂಶಕ್ಕೊಂದು ಸಂಕೇತ ವ್ಯವಸ್ಥೆ ಇತ್ತು. ಒಂದರಲ್ಲಿ ಬರೆದದ್ದು ಇನ್ನೊಂದರಲ್ಲಿ ತೆರೆದರೆ ಪರದೆಯ ತುಂಬ ಚಿತ್ರವಿಚಿತ್ರ ಗೀಟು. ಕನ್ನಡ ಬಳಸುವವರೇ ಸೇರಿ ಒಂದು ಒಪ್ಪಂದಕ್ಕೆ ಬರದೆ ಗತಿಯಿರಲಿಲ್ಲ. ಸಿ.ವಿ. ಶ್ರೀನಾಥ ಶಾಸ್ತ್ರಿ, ಜಿ.ಎನ್. ನರಸಿಂಹಮೂರ್ತಿ ಮೊದಲಾದವರು ಪರಿಷತ್ತಿನ ಮೂಲಕ ಈ ಒಪ್ಪಂದಕ್ಕಾಗಿ ದುಡಿದರು.

ಆರಿಸಿಕೊಂಡ ಕೀಲಿಮಣೆ ಕಿನ್ನಿಕಂಬಳ ಪದ್ಮನಾಭ ರಾವ್ ಅವರದು. ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ಹೆಸರಿನಲ್ಲಿ ತಂತ್ರಾಂಶ ಮಾಡಿ ಜನರಿಗೆ ಸುಮ್ಮನೆ ಕೊಟ್ಟವರು ಇವರು. ಸ್ವರಕ್ಕೂ ಅದರ ಗುಣಿತಕ್ಕೂ ಒಂದೇ ಕೀಲಿ, ಅಲ್ಪಪ್ರಾಣಕ್ಕೆ ಶಿಫ್ಟ್ ಸೇರಿಸಿದರೆ ಮಹಾಪ್ರಾಣ. ಇಡೀ ವರ್ಣಮಾಲೆ ಇಂಗ್ಲಿಷಿನ 26 ಕೀಲಿಗಳಲ್ಲೇ ಮುಗಿಯುತ್ತದೆ. ಟ-ಡಗಳಿಗೆ ಕ್ಯು-ಡಬ್ಲ್ಯು ಎಂಬುದಷ್ಟೇ ಹೊಸಬರಿಗೆ ತುಸು ಕಿರಿಕಿರಿ. ಈ ಕೀಲಿಮಣೆಯ ಮೇಲೆ ಪರಿಷತ್ತು ಕಟ್ಟಿದ ‘ನುಡಿ’ ತಂತ್ರಾಂಶವನ್ನು ಸರ್ಕಾರ ಉಚಿತವಾಗಿ ಹಂಚಿತು.

ಊರೂರಿನಲ್ಲಿ ಪರಿಷತ್ತಿಗೆ ಹಲಗೆ ನೇತುಹಾಕಿದ ಶಾಖೆಗಳು ಬೇಕಾಗಲಿಲ್ಲ. ಹೋಬಳಿ ಮಟ್ಟದ ಟೈಪಿಂಗ್ ಇನ್‌ಸ್ಟಿಟ್ಯೂಟು, ಲಗ್ನಪತ್ರಿಕೆ ಅಚ್ಚು ಹಾಕುವ ಡಿಟಿಪಿ ಅಂಗಡಿಗಳೇ ಶಾಖೆಗಳಾದವು. ನುಡಿ ಸಿ.ಡಿ. ಕೈಯಿಂದ ಕೈಗೆ ದಾಟಿತು. ‘ನುಡಿ 01 ಇ ಫಾಂಟ್ ಇದೆಯಾ?’ ಎಂದರೆ ಸಾಕು, ಇಬ್ಬರು ಅಪರಿಚಿತರ ಕಡತ ಹೊಂದಿಕೊಳ್ಳುತ್ತಿತ್ತು. ಗಣಕ ಬಳಕೆದಾರರ ಕೂಟ ಎಂದರೆ ನನ್ನ ಲೆಕ್ಕದಲ್ಲಿ ಇದೇ.

ಹೆಚ್ಚು ಹೆಸರಾದ ಕೂಟ ಬೆಂಗಳೂರಿನ ಲಿನಕ್ಸ್ ಬಳಕೆದಾರರದು. ಅದು 2001ರಲ್ಲಿ ದೊಡ್ಡ ಸಮ್ಮೇಳನವನ್ನೇ ನಡೆಸಿತು. ಅಲ್ಲಿನ ಉಪನ್ಯಾಸಗಳು ಇಂಗ್ಲಿಷಿನವು. ಆದರೂ ಇವತ್ತು ಲಿನಕ್ಸಿನ ಕೀಲಿಮಣೆ ಪಟ್ಟಿಯಲ್ಲಿ ‘ಕಗಪ’ ಎಂಬ ಹೆಸರೇ ಇದೆ, ಹಿಂದಿ, ಮರಾಠಿ, ಸಂಸ್ಕೃತಕ್ಕೂ ಸೇರಿಸಿ. ಮೇಲುಕೋಟೆಯ ಸಂಸ್ಕೃತ ವಿದ್ವಾಂಸರೂ ಬೇಕಿದ್ದರೆ ಅದರಲ್ಲೇ ಬರೆಯಬಹುದು.

ಇದು ಸ್ಮರಣ ಸಂಚಿಕೆಯ ಲೇಖನವೆಂದು ಹೊಗಳಿಕೆಗೇ ನಿಲ್ಲಬಾರದು. ‘ಬರಹ’ ತಂತ್ರಾಂಶದ ಶೇಷಾದ್ರಿವಾಸು ನುಡಿಯಲ್ಲಿ ತಮ್ಮ ಕೆಲಸದ ನಕಲು ಇದೆಯೆಂದು ಆಕ್ಷೇಪಿಸಿದ್ದರು. ಇನ್ನೊಂದು ತೊಡಕು ಈಗಲೂ ಕಾಡುತ್ತಿದೆ. ವಿಂಡೋಸ್ ಎಕ್ಸ್‌ಪಿ 2001ರಲ್ಲೇ ಎಲ್ಲರಿಗೂ ಒಂದೇ ಸಂಕೇತವಾದ ಯುನಿಕೋಡ್‌ನಲ್ಲಿ ಕನ್ನಡ ತಂದಿತ್ತು. ಆದರೆ ವಿಂಡೋಸ್ 98ಕ್ಕೆ ಅದು ದಕ್ಕುತ್ತಿರಲಿಲ್ಲ. ಆ ದಿನಗಳ ಯಂತ್ರಗಳಿಗೆ ಒಗ್ಗುವ ಹಳೆಯ ಸಂಕೇತದಲ್ಲೇ ನುಡಿ ಬೇರೂರಿತು. ಸರ್ಕಾರ ಯುನಿಕೋಡನ್ನು ಶಿಷ್ಟತೆಯಾಗಿ ಒಪ್ಪುವ ಹೊತ್ತಿಗೆ 2012 ಬಂದಿತ್ತು. ಅಷ್ಟರಲ್ಲಿ ಸಹಕಾರ ಸಂಘಗಳ ವರದಿ, ಶಾಲೆಗಳ ಸಂಚಿಕೆ, ದೇವಸ್ಥಾನದ ಸ್ಥಳಪುರಾಣ ಎಲ್ಲವೂ ಹಳೆಯ ಅಕ್ಷರದಲ್ಲಿ ಸಿ.ಡಿ.ಗಳಲ್ಲಿ ಕೂತಿದ್ದವು. ಹುಡುಕಿದರೆ ಸಿಗವು, ಫೋನಿನಲ್ಲಿ ತೆರೆದರೆ ಓದಲಾಗದು. ಸಂಚಯ ಬಳಗದಂಥವರ ಪರಿವರ್ತಕಗಳು ಅವನ್ನು ಯುನಿಕೋಡಿಗೆ ತರುತ್ತವೆ. ‘ಧರ್ಮ’ದ ಅರ್ಕಾವತ್ತು ಹಳೆಯ ಕಡತದಲ್ಲಿ ‘ಮ’ದ ನಂತರ ಕೂತಿರುತ್ತದೆ, ಹೊಸದರಲ್ಲಿ ಅದಕ್ಕಿಂತ ಮೊದಲು ಬರಬೇಕು. ಇಂಥ ಕಡೆ ಯಂತ್ರ ಎಡವುವುದುಂಟು, ಆದ್ದರಿಂದ ಕರಡು ತಿದ್ದುವವರು ಬೇಕು. ಮೊದಲಲ್ಲಿ ಹೆಸರಿಸಿದ ನಮ್ಮ ನಾಲ್ಕೂ ತಾಲ್ಲೂಕುಗಳಲ್ಲಿ ಆ ಕೆಲಸಕ್ಕೆ ನಿವೃತ್ತ ಮೇಷ್ಟರುಗಳ ಕೊರತೆಯಂತೂ ಇಲ್ಲ.