ಆರುವನ ಎದುರು ನಿಂತ ಗಂಡಸು

ಪೊನ್ನಂಪೇಟೆ ತಾಲ್ಲೂಕಿನ ಬಾಳೆಲೆ ಸುತ್ತಿನ ಕೊಡವ ಮನೆಗಳಲ್ಲಿ ಗಂಡು ಮಗು ಹುಟ್ಟಿದರೆ ಒಂದು ಗುಂಡು ಹಾರಿಸುವುದು ಹಿಂದಿನಿಂದ ಬಂದ ಕ್ರಮ. ಹರಳು ಗಿಡದ ಕಡ್ಡಿಯನ್ನು ಬಾಗಿಸಿ ಪುಟ್ಟ ಬಿಲ್ಲು ಮಾಡಿ ಕೂಸಿನ ಕೈಗೆ ಮುಟ್ಟಿಸುತ್ತಿದ್ದರು. ಸಾವಿಗೆ ಎರಡು ಗುಂಡು. ಈ ಎರಡರ ನಡುವಿನ ಆಯುಷ್ಯದಲ್ಲಿ ಗಂಡಸು ಹೇಗೆ ಬೆಳೆಯಬೇಕು ಎಂಬುದನ್ನು ಇಂದು ‘ವ್ಯಕ್ತಿತ್ವ ವಿಕಸನ’ ಎನ್ನುತ್ತೇವೆ. ಅದಕ್ಕೆ ಪುಸ್ತಕಗಳಿವೆ, ಶಿಬಿರಗಳಿವೆ, ಮೊಬೈಲಿನ ತುಂಬ ಭಾಷಣಗಳಿವೆ. ಹಳೆಯ ತಿಳಿವಳಿಕೆ ಈ ಹೊಸ ರೂಪಕ್ಕೆ ಬಂದ ದಾರಿಯನ್ನು ಕೊಡಗಿನಿಂದ ನೋಡಿದರೆ, ಎಲ್ಲಿ ಏನು ಕೈಬಿಟ್ಟುಹೋಯಿತು ಎಂಬುದು ಎದ್ದು ಕಾಣುತ್ತದೆ.

ಮೊದಲ ಶಾಲೆ ಒಕ್ಕವೇ, ಅಂದರೆ ಒಂದೇ ಮೂಲಪುರುಷನ ಮನೆತನ. ಪೂರ್ವಿಕರ ಮನೆಯಾದ ಐನ್‌ಮನೆ, ಅದರ ಹಿರಿಯನಾದ ಪಟ್ಟೆದಾರ, ಕೈಮಡ ಎಂಬ ಗುಡಿಯಲ್ಲಿ ನೆಲೆನಿಂತ ಪೂರ್ವಜರಾದ ಕಾರಣರು, ಇವರೆಲ್ಲರ ನಡುವೆ ಹುಡುಗ ದೊಡ್ಡವನಾಗುತ್ತಿದ್ದ. ನಾಟಿ ಮುಗಿದ ಮೇಲೆ ಬರುವ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದ್‌ನಲ್ಲಿ ಪೂಜೆಗಿಟ್ಟ ತೋಕನ್ನು, ಅಂದರೆ ಕೋವಿಯನ್ನು, ಹಿರಿಯ ಎತ್ತಿಕೊಡುವಾಗ ಬುದ್ಧಿಮಾತೂ ಜೊತೆಗೇ ಬರುತ್ತಿತ್ತು: ತಾನಾಗಿ ಕೆಣಕಬೇಡ, ಎದುರಾದರೆ ಬೆನ್ನು ತೋರಿಸಬೇಡ, ಕಷ್ಟದಲ್ಲಿದ್ದವನ ಕೈಬಿಡಬೇಡ. ಆಯುಧ ಮತ್ತು ಅದರ ಮಿತಿ ಎರಡೂ ಒಂದೇ ಕೈಯಿಂದ ಸಿಗುತ್ತಿದ್ದವು. ಬ್ರಿಟಿಷರು 1861ರಲ್ಲಿ ಕೊಡವರಿಗೆ ಕೊಟ್ಟ ಕೋವಿ ಪರವಾನಗಿಯ ವಿನಾಯಿತಿ ಇಂದಿಗೂ ಮುಂದುವರಿದಿದೆ. ಆ ಬುದ್ಧಿಮಾತು ಅಷ್ಟೇ ಗಟ್ಟಿಯಾಗಿ ಮುಂದುವರಿದಿದೆಯೇ ಎಂದು ಪ್ರತಿ ಮನೆಯೂ ಕೇಳಿಕೊಳ್ಳಬೇಕು.

ಇದಕ್ಕಿಂತ ನನಗೆ ದೊಡ್ಡದಾಗಿ ಕಾಣುವುದು ಆರುವನ ಏರ್ಪಾಡು. ಆರುವ ಎಂದರೆ ಒಂದು ಒಕ್ಕದ ಪರವಾಗಿ ನಿಂತು ಮಾತಾಡುವ, ಸಾಕ್ಷಿಯೂ ಜಾಮೀನುದಾರನೂ ಆಗುವ ಬೇರೆ ಒಕ್ಕದವನು. ಮದುವೆಯ ‘ಸಂಬಂಧ ಅಡಕುವ’ ಶಾಸ್ತ್ರದಲ್ಲಿ ಎರಡೂ ಕಡೆಯ ಆರುವರು ಎದುರುಬದುರು ನಿಲ್ಲುತ್ತಾರೆ. ವಧುವಿನ ಕಡೆಯವನು ಕೇಳುವ ಪ್ರಶ್ನೆಗಳು ಬಹಳ ನೇರ. ಈ ಹುಡುಗಿಗೆ ನಿಮ್ಮ ಮನೆ, ಗದ್ದೆ, ದನಕರುಗಳಲ್ಲಿ ಪಾಲುಂಟೇ? ನಾಳೆ ಅತ್ತೆ ಬೈದರೆಂದೋ ಗಂಡ ಹೊಡೆದನೆಂದೋ ಅವಳು ಬಂದು ದೂರಿದರೆ ನಾವು ಯಾರನ್ನು ಹಿಡಿಯಬೇಕು? ವರನ ಕಡೆಯ ಆರುವ, ನನ್ನನ್ನು ಹಿಡಿಯಿರಿ ಎನ್ನುತ್ತಾನೆ. ಹೊನ್ನಿನ ಸಂಕೇತವಾಗಿ 12 ಸಣ್ಣ ಕಲ್ಲುಗಳನ್ನು ಬಳಸುತ್ತಾರೆ. 11 ಕಲ್ಲು ಹೊಸ ಮನೆಯ ಹಕ್ಕಿಗೆ. ಒಂದು ತವರಿನ ಕಡೆಗೇ ಉಳಿಯುತ್ತದೆ. ಗಂಡ ಒಳ್ಳೆಯವನಾಗಿರಲಿ ಎಂದು ಹಾರೈಸಿ ಸುಮ್ಮನಾಗದೆ, ಅವನು ಕೆಟ್ಟರೆ ಯಾರು ಹೊಣೆ ಎಂದು ಮೊದಲೇ ಗೊತ್ತುಮಾಡಿ, ಅದನ್ನು ನೆಂಟರ ಎದುರಿಗೇ ಆಡಿಸುವ ವಿವೇಕ ಇದು. ಗಂಡಸಿನ ಆತ್ಮೋನ್ನತಿಯ ಬಗ್ಗೆ ನಾನು ಓದಿದ ಎಷ್ಟೋ ಹೊತ್ತಿಗೆಗಳಲ್ಲಿ ಈ ಒಂದು ಪ್ರಶ್ನೆಯಷ್ಟು ಖಡಕ್ಕಾದ ಮಾತು ಸಿಕ್ಕಿಲ್ಲ.

ಬಾಯಿಂದ ಬಾಯಿಗೆ ಬಂದ ತಿಳಿವಳಿಕೆ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಚ್ಚಿಗೆ ಬಂತು. ಹರದಾಸ ಅಪ್ಪಚ್ಚ ಕವಿ 1906ರಲ್ಲಿ ಕೊಡವರ ಭಾಷೆಯಾದ ಕೊಡವ ತಕ್ಕ್‌ನಲ್ಲಿ ನಾಟಕ ಬರೆಯಲು ಹೊರಟಾಗ ಆರಿಸಿಕೊಂಡದ್ದು ಯಯಾತಿಯ ಕಥೆಯನ್ನು. ತನ್ನ ಆಸೆ ತೀರಲಿಲ್ಲವೆಂದು ಮಗನ ಯೌವನವನ್ನೇ ಕಸಿದುಕೊಂಡ ಅಪ್ಪ, ಕೊನೆಗೆ ಭೋಗದಿಂದ ಆಸೆ ತಣಿಯದು ಎಂದು ಅರಿತವನು. ಗಂಡಸರ ಮುಂದೆ ಹಿಡಿಯಲು ಇದಕ್ಕಿಂತ ತಕ್ಕ ಕನ್ನಡಿ ಪುರಾಣದಲ್ಲಿ ವಿರಳ. 1924ರಲ್ಲಿ ನಡಿಕೇರಿಯಂಡ ಚಿಣ್ಣಪ್ಪ ಹಾಡು, ಗಾದೆ, ಪದ್ಧತಿಗಳನ್ನು ಸಂಗ್ರಹಿಸಿ ‘ಪಟ್ಟೋಲೆ ಪಳಮೆ’ ಪ್ರಕಟಿಸಿದರು. ಪೊಲೀಸ್ ಇಲಾಖೆಯಲ್ಲಿದ್ದ ಅವರು ಹಿರಿಯರ ಬಳಿ ಕೂತು ಕೇಳಿ ಬರೆದುಕೊಳ್ಳದಿದ್ದರೆ ಎಷ್ಟೋ ಮಾತುಗಳು ಆ ಹಿರಿಯರೊಂದಿಗೇ ಮಣ್ಣಾಗುತ್ತಿದ್ದವು. ಐದು ವರ್ಷದ ಬಳಿಕ ಅವರು ಭಗವದ್ಗೀತೆಯನ್ನು ‘ಭಗವಂತಂಡ ಪಾಟ್’ ಎಂದು ಕೊಡವ ತಕ್ಕ್‌ಗೆ ತಂದರು. ಊರಿನ ಪಳಮೆಯನ್ನೂ ಊರಾಚೆಯಿಂದ ಬಂದ ಗೀತೆಯನ್ನೂ ಒಬ್ಬನೇ ಮನುಷ್ಯ ಒಂದೇ ಶ್ರದ್ಧೆಯಿಂದ ಎತ್ತಿಕೊಂಡ ಕಾಲವದು. ಎಂ. ಎನ್. ಶ್ರೀನಿವಾಸರು 1952ರ ತಮ್ಮ ಗ್ರಂಥದಲ್ಲಿ ಕೊಡವ ಬದುಕನ್ನು ಒಕ್ಕದಿಂದಲೇ ಬಿಡಿಸಿ ತೋರಿಸಿದ ಮೇಲೆ, ಮನೆಮಾತಾಗಿದ್ದದ್ದು ಸಮಾಜಶಾಸ್ತ್ರದ ಪಾಠವೂ ಆಯಿತು.

ಅಷ್ಟರಲ್ಲಿ ಪೊನ್ನಂಪೇಟೆಯಲ್ಲಿ ಇನ್ನೊಂದು ಧಾರೆ ಶುರುವಾಗಿತ್ತು. 1927ರಲ್ಲಿ ಅಲ್ಲಿ ರಾಮಕೃಷ್ಣ ಶಾರದಾಶ್ರಮ ಆರಂಭವಾಯಿತು. ವಿವೇಕಾನಂದರ ಶಕ್ತಿಮಂತ್ರ ದಂಡು, ಕವಾಯತುಗಳ ನಾಡಿಗೆ ಹೊಂದಿಕೊಂಡಿತು. ಆಶ್ರಮದ ಸ್ವಾಮಿ ಶಾಂಭವಾನಂದರು ಜೇನು ಸಾಕಣೆಯನ್ನು ಬೆಳೆಸಿದರು ಎಂಬುದನ್ನು ನಾನು ಇಲ್ಲಿ ಬೇಕೆಂದೇ ಹೇಳುತ್ತಿದ್ದೇನೆ. ಪೆಟ್ಟಿಗೆಯ ಮುಚ್ಚಳ ತೆಗೆಯುವವನು ಅವಸರ ಮಾಡುವಂತಿಲ್ಲ, ಕೈ ನಡುಗಿಸುವಂತಿಲ್ಲ. ಮನಸ್ಸಿನ ಹತೋಟಿಯನ್ನು ಉಪದೇಶದಲ್ಲಿ ಕೇಳುವುದು ಬೇರೆ, ಕೈಕೆಲಸದಲ್ಲಿ ಕಲಿಯುವುದು ಬೇರೆ. ಇದೇ ಆಶ್ರಮದೊಂದಿಗೆ ಹೆಸರು ಬೆಸೆದುಕೊಂಡ ಸ್ವಾಮಿ ಜಗದಾತ್ಮಾನಂದರ ‘ಬದುಕಲು ಕಲಿಯಿರಿ’ ಕನ್ನಡದ ಮನೆಮನೆಗೆ ಹೋಯಿತು. ಉಪನಿಷತ್ತು, ಸಂತರ ಜೀವನ, ಪಶ್ಚಿಮದ ಮನೋವಿಜ್ಞಾನ, ಪತ್ರಿಕೆಯಲ್ಲಿ ಕಂಡ ಘಟನೆ, ಎಲ್ಲವನ್ನೂ ಕಲೆಹಾಕಿ ಚಿಂತೆ, ಭಯ, ಕೀಳರಿಮೆಗಳ ಬಗ್ಗೆ ಆತ್ಮೀಯವಾಗಿ ಮಾತಾಡುವ ಪುಸ್ತಕ ಅದು.

ಕನ್ನಡದಲ್ಲಿ ಅದಕ್ಕೆ ನೆಲ ಹಸನಾಗಿತ್ತು. ವಚನ, ಸರ್ವಜ್ಞ, ಸೋಮೇಶ್ವರ ಶತಕಗಳ ದೀರ್ಘ ಪರಂಪರೆಯನ್ನು ಇಲ್ಲಿ ಹೆಸರಿಸಿ ಮುಂದೆ ಹೋಗಬಹುದು. ಆಧುನಿಕ ತಿರುವು ಡಿ.ವಿ.ಜಿ.ಯವರದು. 1943ರಲ್ಲಿ ‘ಮಂಕುತಿಮ್ಮನ ಕಗ್ಗ’ ಬಂತು; 1945ರಲ್ಲಿ ಅವರೇ ಬೆಂಗಳೂರಿನಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಕಟ್ಟಿದರು. ಇವೆರಡನ್ನೂ ಒಟ್ಟಿಗೆ ನೋಡಬೇಕೆಂಬುದು ನನ್ನ ಒತ್ತಾಯ. ಕಗ್ಗ ಒಂಟಿಯಾಗಿ ಕೂತು ಓದುವವನಿಗೆ ಸಾಂತ್ವನವಾದರೆ, ಸಂಸ್ಥೆ ಅವನನ್ನು ನಾಲ್ಕು ಜನರೊಡನೆ ಕೂರಿಸಿ ಊರಿನ ಪ್ರಶ್ನೆಗಳನ್ನು ಚರ್ಚಿಸಲು ಹಚ್ಚುತ್ತಿತ್ತು. ನಂತರ ಬಂದವರು ಕಗ್ಗವನ್ನಷ್ಟೇ ಇಟ್ಟುಕೊಂಡರು. ವೈದ್ಯ ಎಂ. ಶಿವರಾಂ ಅವರ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಾಗ ಮನಸ್ಸಿನ ಕಾಯಿಲೆಗೂ ಕನ್ನಡದಲ್ಲಿ ಗೌರವದ ಜಾಗ ಸಿಕ್ಕಿತು. ನಿಮ್ಹಾನ್ಸ್‌ನ ಸಿ. ಆರ್. ಚಂದ್ರಶೇಖರ್ ಆ ಕೆಲಸವನ್ನು ಹತ್ತಾರು ಪುಸ್ತಕಗಳಲ್ಲಿ ಮುಂದುವರಿಸಿದರು. ಯಂಡಮೂರಿ ವೀರೇಂದ್ರನಾಥರ ತೆಲುಗು ಪುಸ್ತಕಗಳ ಅನುವಾದಗಳು ಗೆಲುವನ್ನು ಗುರಿಯಾಗಿಟ್ಟವು. ಗುರುರಾಜ ಕರಜಗಿಯವರ ‘ಕರುಣಾಳು ಬಾ ಬೆಳಕೆ’ ಅಂಕಣ ಹಳೆಯ ಕಥೆಗಳನ್ನು ಬೆಳಗಿನ ಪತ್ರಿಕೆಗೆ ತಂದಿತು.

ಈ ಹಾದಿಯಲ್ಲಿ ಓದುಗ ಬೆಳೆದ, ಆದರೆ ಅವನ ಆರುವ ಮರೆಯಾದ. ಪುಸ್ತಕ ಮುಚ್ಚಿಟ್ಟವನನ್ನು, ನಿನ್ನೆ ಮನೆಯಲ್ಲಿ ಹೇಗೆ ನಡೆದುಕೊಂಡೆ ಎಂದು ಯಾರೂ ಕೇಳುವುದಿಲ್ಲ. ಇಂದಿನ ವಿಡಿಯೋಗಳಲ್ಲಿ ಗೀತೆ, ಚಾಣಕ್ಯ, ರೋಮಿನ ಮಾರ್ಕಸ್ ಅರೇಲಿಯಸ್ ಎಲ್ಲರೂ ಬರುತ್ತಾರೆ. ಅಳಬೇಡ, ಯಾರನ್ನೂ ನಂಬಬೇಡ, ದುಡಿ, ಗೆಲ್ಲು ಎನ್ನುವುದಕ್ಕೆ ಅವರ ಹೆಸರು ಬಳಕೆಯಾಗುತ್ತದೆ. ಚಕ್ರವರ್ತಿ ಮಾರ್ಕಸ್ ತನ್ನ ಟಿಪ್ಪಣಿಗಳ ಮೊದಲ ಭಾಗವಿಡೀ ಅಜ್ಜ, ತಾಯಿ, ಗುರುಗಳಿಂದ ತಾನು ಪಡೆದದ್ದನ್ನು ಸ್ಮರಿಸಲು ಮೀಸಲಿಟ್ಟಿದ್ದಾನೆ ಎಂಬುದನ್ನು ಆ ವಿಡಿಯೋಗಳು ಹೇಳುವುದಿಲ್ಲ.

ಹಳೆಯದೆಲ್ಲ ಹಸನಾಗಿತ್ತೆಂದು ನಾನು ಹೇಳಲಾರೆ. ಪಟ್ಟೆದಾರನ ಪಟ್ಟ ಗಂಡಸರದೇ ಆಗಿತ್ತು. ಅದೇ ಗದ್ದೆಗಳಲ್ಲಿ ದುಡಿದ ಯರವ, ಕುರುಬ ಗಂಡಸರನ್ನು ಒಕ್ಕದ ವಿವೇಕ ಆಳಾಗಿಯೇ ಕಂಡಿತು. ಅವರ ತಿಳಿವಳಿಕೆ ಬೇರೆ ದಾರಿಯಲ್ಲಿ ಉಳಿದಿದೆ. ದೇವರಪುರದ ಕುಂಡೆ ಹಬ್ಬದಲ್ಲಿ ಗಂಡಸರು ಹೆಣ್ಣುಡುಗೆ ತೊಟ್ಟು, ತಮ್ಮನ್ನು ಕಾಡಿನಲ್ಲಿ ಬಿಟ್ಟುಹೋದ ದೇವರನ್ನೂ ಎದುರು ಸಿಕ್ಕವರನ್ನೂ ಬಾಯಿತುಂಬ ಬೈಯುತ್ತಾರೆ. ನೋಡುವವರು ಮೋಜೆಂದುಕೊಳ್ಳುತ್ತಾರೆ. ವರ್ಷವಿಡೀ ನುಂಗಿಕೊಂಡ ನೋವನ್ನು ಊರೆದುರು ಹೇಳಲು ಗಂಡಸಿಗೆ ಒಂದು ದಿನ ಕೊಟ್ಟ ಸಮಾಜ ಅದು ಎಂದು ನಾನು ಓದಿಕೊಳ್ಳುತ್ತೇನೆ. ಗಂಡಸಿನ ಮನಸ್ಸಿನ ಯಾವ ಸಮೀಕ್ಷೆಯೂ ಇದನ್ನು ಹೊರಗಿಡಬಾರದು.

ಮರೆಯಾದದ್ದನ್ನು ಮರಳಿ ತರುವ ಯತ್ನಗಳೂ ಇವೆ. 1997ರಲ್ಲಿ ಪಾಂಡಂಡ ಕುಟ್ಟಪ್ಪ ಕರಡದಲ್ಲಿ ಆರಂಭಿಸಿದ ಕೊಡವ ಹಾಕಿ ಹಬ್ಬಕ್ಕೆ ಮೊದಲ ವರ್ಷ 60 ಒಕ್ಕಗಳು ಬಂದವು. 2024ರಲ್ಲಿ ನಾಪೋಕ್ಲುವಿನಲ್ಲಿ 360. ಅಜ್ಜ, ಮೊಮ್ಮಗ, ಮದುವೆಯಾಗಿ ಬಂದ ಸೊಸೆ ಒಂದೇ ತಂಡದಲ್ಲಿ ಓಡುತ್ತಾರೆ. ಬೆಂಗಳೂರಿನಲ್ಲಿ ಒಂಟಿಯಾಗಿರುವ ಹುಡುಗ ಮೈದಾನಕ್ಕೆ ಬಂದು ತನ್ನ ಒಕ್ಕದ ಹೆಸರಿಗೆ ಆಡುತ್ತಾನೆ.

ಇನ್ನೊಂದು ಯತ್ನಕ್ಕೆ ಯಾವ ವೈಭವವೂ ಇಲ್ಲ. ಕುಡಿತ ಕೊಡಗಿನ ತೋಟದ ಮಾಲೀಕರನ್ನೂ ಲೈನ್ ಮನೆಯ ಕಾರ್ಮಿಕರನ್ನೂ ಸಮನಾಗಿ ತಿಂದಿದೆ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಜೊತೆಗೂಡಿ ಜನಜಾಗೃತಿ ವೇದಿಕೆ ರಾಜ್ಯದ ಹಳ್ಳಿಹಳ್ಳಿಗಳಲ್ಲಿ ನಡೆಸುವ ಮದ್ಯವರ್ಜನ ಶಿಬಿರದಲ್ಲಿ ಗಂಡಸರು ಎಂಟು ದಿನ ಒಟ್ಟಿಗೆ ಇರುತ್ತಾರೆ. ಯೋಗ, ಭಜನೆ, ಆಪ್ತಸಲಹೆ ನಡೆಯುತ್ತವೆ. ಹೆಂಡತಿ ಮಕ್ಕಳೂ ಬರುತ್ತಾರೆ. ಶಿಬಿರ ಮುಗಿದ ಮೇಲೆ ಅವರಿಗಾಗಿ ನವಜೀವನ ಸಮಿತಿ ಇರುತ್ತದೆ. ಕುಡಿತ ಬಿಟ್ಟವರು ಆಗಾಗ ಸೇರಿ ಒಬ್ಬರನ್ನೊಬ್ಬರು ವಿಚಾರಿಸಿಕೊಳ್ಳುತ್ತಾರೆ. ಬಾರದವನನ್ನು ಹುಡುಕಿಕೊಂಡು ಅವನ ಮನೆಗೆ ಹೋಗುತ್ತಾರೆ.