ಬಂದರಿನ ಹೆಸರು ಹೊತ್ತ ಬಟ್ಟೆ



ಇಂಗ್ಲಿಷಿನಲ್ಲಿ ‘ಕ್ಯಾಲಿಕೊ’ ಎಂಬುದೊಂದು ಪದವಿದೆ. ಹತ್ತಿಯ ಸಾದಾ ಅರಿವೆಗೆ ಆ ಭಾಷೆಯವರು ಶತಮಾನಗಳಿಂದ ಬಳಸುತ್ತ ಬಂದಿರುವ ಹೆಸರು ಅದು. ಕೇರಳದ ಕಲ್ಲಿಕೋಟೆ ಬಂದರಿನಿಂದ ಹುಟ್ಟಿದ್ದು. ಆದರೆ ಆ ಹೆಸರಿನಲ್ಲಿ ಯುರೋಪಿನಲ್ಲಿ ಮಾರಾಟವಾದ ಬಟ್ಟೆಯ ಬಹುಭಾಗವನ್ನು ನೇಯ್ದವರು ಗುಜರಾತಿನವರು, ಚೋಳಮಂಡಲ ತೀರದವರು, ಬಂಗಾಳದವರು. ‘ಡಂಗರಿ’ ಎಂಬ ಒರಟು ಬಟ್ಟೆಗೆ ಮುಂಬಯಿಯ ಡೋಂಗ್ರಿಯ ಹೆಸರು ಅಂಟಿಕೊಂಡಿತು. ಪಶ್ಚಿಮ ಆಫ್ರಿಕದಲ್ಲಿ ಇಂದಿಗೂ ಗೌರವದ ಉಡುಗೆಯಾಗಿರುವ ಚೌಕಳಿ ವಸ್ತ್ರಕ್ಕೆ ‘ಮದ್ರಾಸ್’ ಎಂದೇ ಹೆಸರು. ನೇಯ್ದ ಹಳ್ಳಿಗಳ ಹೆಸರು ಅಲ್ಲಿ ಯಾರಿಗೂ ತಿಳಿಯದು. ಸಮುದ್ರಮಾರ್ಗದ ಜವಳಿ ವ್ಯಾಪಾರದಲ್ಲಿ ಇದೊಂದು ನಿಯಮವೇ ಆಗಿಬಿಟ್ಟಿದೆ. ಹಡಗು ಹತ್ತಿದ ಬಟ್ಟೆ ಬಂದರಿನ ಹೆಸರನ್ನು ಪಡೆಯುತ್ತದೆ, ಮಗ್ಗದ ಊರಿನ ಹೆಸರನ್ನು ಕಳೆದುಕೊಳ್ಳುತ್ತದೆ. ಈ ನಿಯಮದಿಂದ ನಮ್ಮ ಹುಬ್ಬಳ್ಳಿ-ಧಾರವಾಡದ ಸೀಮೆಗೆ ಆದ ನಷ್ಟವೇನೆಂಬುದನ್ನು ಪ್ರಕೃತ ಲೇಖನದಲ್ಲಿ ವಿಚಾರಿಸೋಣ.

ಮೊದಲಿನಿಂದಲೂ ಹೀಗೆಯೇ ಇತ್ತೆಂದು ಹೇಳಲಾಗದು. ಕ್ರಿ. ಶ. ಒಂದನೆಯ ಶತಮಾನದಲ್ಲಿ ಗ್ರೀಕ್ ಭಾಷೆಯಲ್ಲಿ ರಚಿತವಾದ ‘ಪೆರಿಪ್ಲಸ್’ ಎಂಬ ನಾವಿಕರ ಕೈಪಿಡಿ ಭರುಕಚ್ಛ ಬಂದರನ್ನು ವರ್ಣಿಸುವಾಗ, ಒಳನಾಡಿನ ತಗರದಿಂದ ಬಂಡಿಗಳಲ್ಲಿ ಹೇರಳವಾಗಿ ಅರಿವೆ ಬರುತ್ತಿತ್ತೆಂದು ಊರಿನ ಹೆಸರು ಹಿಡಿದೇ ಹೇಳುತ್ತದೆ. ಈ ತಗರವೇ ಇಂದಿನ ಮಹಾರಾಷ್ಟ್ರದ ತೇರ್. ಕನ್ನಡ ನಾಡಿನ ಗಡಿಗೆ ಬಹು ದೂರದ್ದಲ್ಲ. ಇದಕ್ಕೆ ಪ್ರತಿಯಾಗಿ, ಈಜಿಪ್ಟಿನ ಹಳೆಯ ಕೈರೋದಲ್ಲಿ ಮಧ್ಯಯುಗದ ಭಾರತೀಯ ಅಚ್ಚಿನ ಬಟ್ಟೆಯ ಸಾವಿರಾರು ತುಣುಕುಗಳು ದೊರೆತಿವೆ. ವಿದ್ವಾಂಸರು ಅವುಗಳನ್ನು ‘ಗುಜರಾತಿನವು’ ಎಂದು ಗುರುತಿಸಬಲ್ಲರು, ಅದಕ್ಕಿಂತ ಹತ್ತಿರಕ್ಕೆ ಹೋಗಲಾರರು. ವರ್ತಕರ ಹೆಸರಾದರೋ ಉಳಿಯಿತು. ನಮ್ಮ ಐಹೊಳೆಯ ಹೆಸರಿನಿಂದ ಪ್ರಸಿದ್ಧರಾದ ಅಯ್ಯಾವೊಳೆ ಐನೂರ್ವರ ಸಂಘವು ೧೦೮೮ರಲ್ಲಿ ಸುಮಾತ್ರಾ ದ್ವೀಪದ ಬಾರೂಸಿನಲ್ಲಿ ತಮಿಳು ಶಾಸನವನ್ನೇ ಹಾಕಿಸಿದೆ. ಮಾರಿದವನಿಗೆ ಶಿಲಾಶಾಸನ, ಮಾಡಿದವನಿಗೆ ಮರೆವು!

ಇನ್ನು ನಮ್ಮ ಸೀಮೆಗೆ ಬರೋಣ. ೧೬೩೮ರಲ್ಲಿ ಕೋರ್ಟೀನ್ ಎಂಬ ಇಂಗ್ಲಿಷ್ ವರ್ತಕನ ಕೂಟದವರು ಬಿಜಾಪುರದ ಆದಿಲಶಾಹಿಗೆ ಸೇರಿದ್ದ ಕಾರವಾರದಲ್ಲಿ ಒಂದು ಕೋಠಿಯನ್ನು ತೆರೆದರು. ಮುಂದೆ ಅದು ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿತು. ಕಾರವಾರವೆಂದರೆ ಮೆಣಸು ಎಂದೇ ನಾವೆಲ್ಲರೂ ಓದಿದ್ದೇವೆ. ಆದರೆ ಅಲ್ಲಿಂದ ಹೊರಟ ಮಸ್ಲಿನ್ ಬಟ್ಟೆ ಪಶ್ಚಿಮ ಭಾರತದಲ್ಲಿಯೇ ಅತ್ಯಂತ ನವುರಾದದ್ದೆಂದು ಬೊಂಬಾಯಿ ಗೆಜೆಟಿಯರು ದಾಖಲಿಸಿದೆ. ಅದನ್ನು ನೇಯುತ್ತಿದ್ದುದು ಘಟ್ಟದ ಮೇಲಿನ ಹುಬ್ಬಳ್ಳಿ ಮತ್ತು ಸುತ್ತಣ ಊರುಗಳಲ್ಲಿ. ಅಲ್ಲಿ ೫೦,೦೦೦ ನೇಕಾರರಿದ್ದರೆಂದು ಅದೇ ಗ್ರಂಥ ಹೇಳುತ್ತದೆ. ಈ ಸಂಖ್ಯೆ ಕೋಠಿಯವರ ಅಂದಾಜು ಇರಬೇಕೆಂದು ನಮ್ಮ ಅಭಿಪ್ರಾಯ. ಅರ್ಧಕ್ಕೆ ಇಳಿಸಿದರೂ ಅದು ಸಣ್ಣ ಕಸುಬಲ್ಲ.

ಈ ವ್ಯವಹಾರ ನಡೆಯುತ್ತಿದ್ದ ಬಗೆಯನ್ನು ವಾಚಕರು ಸ್ವಲ್ಪ ಕಣ್ಣಮುಂದೆ ತಂದುಕೊಳ್ಳಬೇಕು. ಕಂಪನಿಯವರು ದಲಾಲರ ಮೂಲಕ ನೇಕಾರರಿಗೆ ಮುಂಗಡ ಕೊಡಿಸುತ್ತಿದ್ದರು. ಸಿದ್ಧವಾದ ತಾನುಗಳು ಗಂಟುಗಳಾಗಿ ಎತ್ತಿನ ಬೆನ್ನೇರಿ ಘಟ್ಟವಿಳಿಯುತ್ತಿದ್ದವು. ಮುಂಗಾರಿನ ನಾಲ್ಕು ತಿಂಗಳು ಪಡುವಣ ಕಡಲು ಮುಚ್ಚಿದಂತೆಯೇ; ಮಳೆ ನಿಂತ ಮೇಲೆ ಬಂದ ಹಡಗನ್ನು ತಪ್ಪಿಸಿಕೊಂಡ ಗಂಟು ಮುಂದಿನ ವರ್ಷದವರೆಗೆ ಕೋಠಿಯಲ್ಲಿಯೇ ಕೊಳೆಯಬೇಕು. ಉಪ್ಪುನೀರು ತಾಗದಂತೆ ಗಂಟಿಗೆ ಮೇಣದ ಬಟ್ಟೆಯನ್ನೂ ಅದರ ಮೇಲೆ ಗೋಣಿಯನ್ನೂ ಸುತ್ತಿ ಹೊಲಿಯುತ್ತಿದ್ದರು. ಆಫ್ರಿಕದ ದಕ್ಷಿಣ ತುದಿಯನ್ನು ಬಳಸಿ ಲಂಡನ್ ಸೇರಲು ಆರು ತಿಂಗಳಾದರೂ ಬೇಕಾಗಿತ್ತು. ಹುಬ್ಬಳ್ಳಿಯ ನೇಕಾರನು ತಾನು ಕಾಣದ ಕಡಲಿನ ಗಾಳಿಯನ್ನು ನಂಬಿ ಬದುಕುತ್ತಿದ್ದನು.

ಗಾಳಿಯಷ್ಟೇ ಅಲ್ಲ, ಯುದ್ಧವೂ ಅವನ ಕೈಮೀರಿದ್ದು. ೧೬೭೩ರಲ್ಲಿ ಶಿವಾಜಿಯ ಸೈನ್ಯ ಹುಬ್ಬಳ್ಳಿಯ ಪೇಟೆಯನ್ನು ಸೂರೆಗೊಂಡಿತು. ಕಂಪನಿಯ ಸರಕೂ ಹೋಯಿತು. ಇಂಗ್ಲಿಷರು ಲೆಕ್ಕ ಬರೆದು ಪರಿಹಾರಕ್ಕಾಗಿ ವರ್ಷಗಟ್ಟಲೆ ಪತ್ರವ್ಯವಹಾರ ನಡೆಸಿದರು. ನೇಕಾರರ ನಷ್ಟವನ್ನು ಬರೆದಿಟ್ಟವರಾರು? ಆ ಲೆಕ್ಕ ನಮಗೆ ಇತಿಹಾಸದ ಪುಟಗಳಲ್ಲಿ ಸಿಕ್ಕುವುದಿಲ್ಲ.

ಅತ್ತ ಇಂಗ್ಲೆಂಡಿನಲ್ಲಿ ೧೬೮೪ರ ವೇಳೆಗೆ ಕಂಪನಿ ವರ್ಷವೊಂದಕ್ಕೆ ಹತ್ತು ಲಕ್ಷಕ್ಕೂ ಮೀರಿ ತಾನುಗಳನ್ನು ಇಳಿಸತೊಡಗಿತ್ತು. ಅಲ್ಲಿಯ ಉಣ್ಣೆ ಮತ್ತು ರೇಷ್ಮೆಯ ನೇಕಾರರು ದಂಗೆಯೆದ್ದರು. ೧೭೦೦ ಮತ್ತು ೧೭೨೧ರ ಶಾಸನಗಳು ಮೊದಲು ಅಚ್ಚಿನ ಭಾರತೀಯ ಬಟ್ಟೆಯನ್ನೂ ಅನಂತರ ಹತ್ತಿಯ ಹೆಚ್ಚಿನ ಉಡುಗೆಗಳನ್ನೂ ನಿಷೇಧಿಸಿದವು. ಎರಡನೆಯದು ೧೭೭೪ರವರೆಗೆ ಜಾರಿಯಲ್ಲಿತ್ತು. ಆ ವೇಳೆಗೆ ಕಾರವಾರದ ಕೋಠಿ ಮುಚ್ಚಿ ಎರಡು ದಶಕಗಳೇ ಸಂದಿದ್ದವು, ಲ್ಯಾಂಕಾಷೈರಿನಲ್ಲಿ ನೂಲುವ ಯಂತ್ರಗಳು ತಿರುಗತೊಡಗಿದ್ದವು.

ಹತ್ತೊಂಬತ್ತನೆಯ ಶತಮಾನದಲ್ಲಿ ಇದೇ ಘಟ್ಟದ ದಾರಿ ಮತ್ತೆ ಜೀವ ತಳೆಯಿತು. ಆದರೆ ಈ ಸಲ ಇಳಿದದ್ದು ಬಟ್ಟೆಯಲ್ಲ, ಹಸಿ ಅರಳೆ. ಧಾರವಾಡದ ಕರಿಮಣ್ಣಿನಲ್ಲಿ ಬೆಳೆದ ಜವಾರಿ ಹತ್ತಿ ದೇವಿಮನೆ ಘಟ್ಟವಿಳಿದು ಕುಮಟೆಯಲ್ಲಿ ಪತ್ತೇಮಾರಿಗಳನ್ನು ಹತ್ತಿ, ಮುಂಬಯಿಯ ಮೂಲಕ ಲಿವರ್‌ಪೂಲಿಗೆ ಹೋಗುತ್ತಿತ್ತು. ಆ ಪೇಟೆಯಲ್ಲಿ ಅದಕ್ಕೆ ‘ಕುಮಟಾ ಹತ್ತಿ’ ಎಂದು ಹೆಸರು. ಕುಮಟೆಯಲ್ಲಿ ಭತ್ತ ಬೆಳೆಯುತ್ತದೆ, ತೆಂಗು ಬೆಳೆಯುತ್ತದೆ. ಹತ್ತಿಯ ಹೊಲ ಹುಡುಕಿದರೂ ಸಿಗದು! ೧೮೪೦ರ ದಶಕದಲ್ಲಿ ಸರಕಾರ ತಂದು ಹರಡಿದ ಅಮೆರಿಕದ ಬೀಜದ ‘ವಿಲಾಯತಿ ಹತ್ತಿ’ಗೆ ಮಾತ್ರ ‘ಧಾರವಾರ್’ ಎಂಬ ಹೆಸರು ದಕ್ಕಿತು. ನೆಲದ ತಳಿಗೆ ಬಂದರಿನ ಹೆಸರು, ಪರದೇಶದ ತಳಿಗೆ ನೆಲದ ಹೆಸರು.

೧೮೬೧ರಿಂದ ೧೮೬೫ರವರೆಗೆ ಅಮೆರಿಕದಲ್ಲಿ ನಡೆದ ಅಂತರ್ಯುದ್ಧದಲ್ಲಿ ದಕ್ಷಿಣದ ಬಂದರುಗಳಿಗೆ ದಿಗ್ಬಂಧನ ಬಿದ್ದು ಲ್ಯಾಂಕಾಷೈರಿನ ಗಿರಣಿಗಳು ಅರಳೆಯಿಲ್ಲದೆ ನಿಂತವು. ಧಾರವಾಡದ ಹತ್ತಿಗೆ ಬಂಗಾರದ ಬೆಲೆ ಬಂದಿತು. ಈ ಹತ್ತಿಗಾಗಿ ಕಾರವಾರ ಬಂದರನ್ನು ಬೆಳೆಸಬೇಕೆಂದು ೧೮೬೨ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ತೆಗೆದು ಮುಂಬಯಿ ಪ್ರಾಂತಕ್ಕೆ ಸೇರಿಸಿದರು. ಅರಳೆಯ ಅಂಡಿಗೆಗಾಗಿ ಒಂದು ಜಿಲ್ಲೆಯೇ ಪ್ರಾಂತ ಬದಲಿಸಿತೆಂಬುದನ್ನು ವಾಚಕರು ಗಮನಿಸಬೇಕು. ಬೆಲೆಯೇರಿದಂತೆ ಕಲಬೆರಕೆಯೂ ಏರಿತು. ಬೀಜ, ಕಸ, ನೀರು ಬೆರೆಸಿದ ಅಂಡಿಗೆಗಳ ಮೇಲೆ ಲಿವರ್‌ಪೂಲಿನವರ ದೂರು ಬಂದು, ೧೮೬೩ರಲ್ಲಿ ಮುಂಬಯಿ ಸರಕಾರ ಹತ್ತಿಯ ಮೋಸದ ವಿರುದ್ಧ ಕಾಯಿದೆ ಮಾಡಬೇಕಾಯಿತು. ಇಲ್ಲಿಯೇ ನಾವು ಮೊದಲು ಹೇಳಿದ ನಷ್ಟದ ತಿರುಳಿದೆ. ನೂರು ಹಳ್ಳಿಗಳ ಅರಳೆ ಒಂದೇ ಬಂದರಿನ ಹೆಸರಿನಲ್ಲಿ ಬೆರೆತಾಗ, ನವಲಗುಂದದ ರೈತನೊಬ್ಬನು ಶುದ್ಧವಾದ ಅರಳೆ ಕೊಟ್ಟರೂ ಅವನಿಗೆ ಸಿಕ್ಕುವುದು ಕೆಟ್ಟ ಅಂಡಿಗೆಯ ಅಪಕೀರ್ತಿಯಲ್ಲಿ ಪಾಲು. ತಿರುಗಿ ಅದೇ ಕಡಲಿನಿಂದ ಮ್ಯಾಂಚೆಸ್ಟರಿನ ಧೋತರಗಳು ಬಂದವು. ಅವುಗಳ ಮೇಲೆ ನಮ್ಮ ದೇವ-ದೇವಿಯರ ಬಣ್ಣದ ಚಿತ್ರಗಳ ಚೀಟಿಯಂಟಿಸಿ ಕಳುಹಿಸುವಷ್ಟು ಆ ವರ್ತಕರು ಜಾಣರಾಗಿದ್ದರು.

೧೮೮೦ರ ದಶಕದಲ್ಲಿ ಹುಬ್ಬಳ್ಳಿಯಿಂದ ಗೋವೆಯ ಮುರಗಾವಿಗೆ ರೈಲು ಹಾಕಿದ ಮೇಲೆ ಕುಮಟೆ-ಕಾರವಾರಗಳ ಹತ್ತಿ ವ್ಯಾಪಾರ ಕುಸಿಯಿತು.

ಇಂದಿನ ಸ್ಥಿತಿ ಬೇರೆ. ೧೯೫೬ರಲ್ಲಿ ‘ಐಡಿಯಲ್ ಎಕ್ಸ್’ ಎಂಬ ಹಡಗು ೫೮ ಅಲ್ಯೂಮಿನಿಯಂ ಪೆಟ್ಟಿಗೆಗಳನ್ನು ಹೊತ್ತು ಅಮೆರಿಕದ ನ್ಯೂವಾರ್ಕಿನಿಂದ ಹೂಸ್ಟನ್ನಿಗೆ ಹೋದಂದಿನಿಂದ ಸರಕು ಸಾಗಣೆಯ ರೀತಿಯೇ ಬದಲಾಯಿತು. ಬೆಂಗಳೂರಿನ ಸಿದ್ಧ ಉಡುಪು ವೈಟ್‌ಫೀಲ್ಡಿನ ಕಂಟೇನರ್ ಡಿಪೋದಲ್ಲಿ ಪೆಟ್ಟಿಗೆ ಸೇರಿ ರೈಲಿನಲ್ಲಿ ಚೆನ್ನೈ ಬಂದರಿಗೆ ಹೋಗಬಲ್ಲದು. ಹಡಗಿನಲ್ಲಿ ಹಗಲಿನ ಕಾವಿಗೂ ಇರುಳಿನ ತಂಪಿಗೂ ಪೆಟ್ಟಿಗೆಯೊಳಗಿನ ತೇವ ಮಾಡಿನಲ್ಲಿ ಹನಿಗಟ್ಟಿ ಬಟ್ಟೆಯ ಮೇಲೆಯೇ ತೊಟ್ಟಿಕ್ಕುವುದುಂಟು. ತೇವ ಹೀರುವ ಚೀಲಗಳು ಹಿಂದಿನ ಮೇಣದ ಬಟ್ಟೆಯ ಕೆಲಸವನ್ನು ಮಾಡುತ್ತವೆ. ೨೦೨೩ರ ಕೊನೆಯಿಂದ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿಗಳು ಮೊದಲಾದಾಗ, ಯುರೋಪಿಗೆ ಹೊರಟ ಅನೇಕ ಹಡಗುಗಳು ಸುಯೆಜ್ ಕಾಲುವೆಯನ್ನು ಬಿಟ್ಟು, ಕಾರವಾರದ ಮಸ್ಲಿನ್ ಹೋದ ಹಳೆಯ ದಾರಿಯನ್ನೇ ಹಿಡಿದು ಆಫ್ರಿಕವನ್ನು ಸುತ್ತಿದವು.

ಸರಕಿನೊಡನೆ ಹೋಗುವ ‘ಬಿಲ್ ಆಫ್ ಲೇಡಿಂಗ್’ ಎಂಬ ಪತ್ರದಲ್ಲಿ ಕಳುಹಿಸಿದವರ, ಪಡೆಯುವವರ, ಹಡಗಿನ, ಹತ್ತಿಸಿದ ಬಂದರಿನ, ಇಳಿಸುವ ಬಂದರಿನ ಹೆಸರುಗಳಿರುತ್ತವೆ. ನೇಯ್ದ ಊರಿಗೆ ಅಲ್ಲಿ ಅಂಕಣವಿಲ್ಲ. ಆದರೂ ೧೯೯೯ರಲ್ಲಿ ಅಂಗೀಕೃತವಾದ ಭೌಗೋಳಿಕ ಸೂಚಕಗಳ ಕಾಯಿದೆಯಡಿ ಇಳಕಲ್ಲಿನ ಸೀರೆ, ಮೊಳಕಾಲ್ಮೂರಿನ ರೇಷ್ಮೆ, ನವಲಗುಂದದ ಜಮಖಾನೆ ತಮ್ಮ ಊರಿನ ಹೆಸರಿನಲ್ಲಿಯೇ ನೋಂದಣಿಯಾಗಿವೆ. ಅವು ಕಡಲು ದಾಟುವಾಗ ಪತ್ರದಲ್ಲಿ ಚೆನ್ನೈ ಎಂದೋ ಮುಂಬಯಿ ಎಂದೋ ಇರಬಹುದು. ಸೀರೆಯ ಮಡಿಕೆಗೆ ಹಚ್ಚಿದ ಚೀಟಿಯಲ್ಲಿ ಇಳಕಲ್ಲು ಎಂದೇ ಇರುತ್ತದೆ.