ಎಡದಿಂದಲೋ, ಬಲದಿಂದಲೋ?

ರಾಯಚೂರಿನ ಕೋಟೆಯನ್ನು ನೋಡಲು ಬಂದವರಿಗೆ ಊರಿನವರು ಮೊದಲು ತೋರಿಸುವುದು 41 ಅಡಿಗೂ ಮಿಕ್ಕಿ ಉದ್ದವಿರುವ ಒಂದು ಬಂಡೆಯನ್ನು. ಅದರ ಮೇಲೆ ಕಾಕತೀಯರ ಕಾಲದ, 1294ರ ತೆಲುಗು ಶಾಸನವಿದೆ. ಅದೇ ಕೋಟೆಯಲ್ಲಿ ಮುಂದಿನ ಶತಮಾನಗಳ ಸುಲ್ತಾನರ ಕಾಲದ ಅರಬ್ಬಿ, ಪಾರಸಿ ಶಾಸನಗಳೂ ಇವೆ. ಒಂದನ್ನು ಎಡದಿಂದ ಬಲಕ್ಕೆ ಓದಬೇಕು, ಇನ್ನೊಂದನ್ನು ಬಲದಿಂದ ಎಡಕ್ಕೆ. ಕಲ್ಲುಗಳು ಬೇರೆ ಬೇರೆಯಾದ್ದರಿಂದ ಜಗಳವೇನೂ ಇಲ್ಲ. ಎರಡು ದಿಕ್ಕಿನ ಬರಹ ಒಂದೇ ಸಾಲಿನಲ್ಲಿ ಎದುರಾದಾಗಲೇ ತೊಡಕು ಹುಟ್ಟುವುದು.

ಇಂಥ ಎದುರಾಟಕ್ಕೆ ನಮ್ಮ ನಾಡಿನಲ್ಲಿ ಬಹು ಪುರಾತನವಾದ ಸಾಕ್ಷಿಯಿದೆ. ಅಶೋಕನ ಹೆಸರನ್ನೇ ಹೊತ್ತ ಶಾಸನ 1915ರಲ್ಲಿ ನಮ್ಮ ಜಿಲ್ಲೆಯ ಮಸ್ಕಿಯಲ್ಲಿ ಸಿಕ್ಕಿತೆಂಬುದನ್ನು ಶಾಲೆಯ ಹುಡುಗರೂ ಬಲ್ಲರು. ಆದರೆ ನನ್ನ ಮನಸ್ಸನ್ನು ಹೆಚ್ಚು ಸೆಳೆಯುವುದು ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯದು. ಅಲ್ಲಿ ಇಡೀ ಶಾಸನ ಬ್ರಾಹ್ಮಿಯಲ್ಲಿ ಎಡದಿಂದ ಬಲಕ್ಕೆ ಸಾಗಿ, ಕೊನೆಗೆ ಬರೆದವನ ಹೆಸರು ಬರುತ್ತದೆ: ಚಪಡ. ಅವನು ‘ಲಿಪಿಕಾರ’ ಎಂಬ ಅರ್ಥದ ಕೊನೆಯ ಪದವೊಂದನ್ನು ಮಾತ್ರ ಖರೋಷ್ಠಿಯಲ್ಲಿ, ಅಂದರೆ ಬಲದಿಂದ ಎಡಕ್ಕೆ ಓಡುವ ವಾಯವ್ಯದ ಲಿಪಿಯಲ್ಲಿ, ಬರೆದಿದ್ದಾನೆ. ಆ ಸೀಮೆಯಲ್ಲಿ ಕಲಿತ ವಿದ್ಯೆಯನ್ನು ಇಲ್ಲಿ ಮೆರೆಯಿಸುವ ಚಪಲವಿದ್ದಿರಬೇಕು! ಕರ್ನೂಲು ಜಿಲ್ಲೆಯ ಎರ್ರಗುಡಿಯಲ್ಲಂತೂ ಬ್ರಾಹ್ಮಿಯ ಕೆಲವು ಸಾಲುಗಳೇ ಬಲದಿಂದ ಎಡಕ್ಕೆ ತಿರುಗಿವೆ; ಉಳುವ ಎತ್ತು ಸಾಲಿನ ಕೊನೆ ಮುಟ್ಟಿ ಹೊರಳಿ ಬಂದಂತೆ.

ನಿಜಾಮರ ಕಾಲಕ್ಕೆ ಬಂದರೆ ಈ ಬೆರಕೆ ದಿನನಿತ್ಯದ ದಫ್ತರದ ಕೆಲಸವಾಯಿತು. 1880ರ ದಶಕದಲ್ಲಿ ಪಾರಸಿಯ ಸ್ಥಾನಕ್ಕೆ ಉರ್ದು ಬಂದಿತು. 1948ರಲ್ಲಿ ಹೈದರಾಬಾದು ಭಾರತಕ್ಕೆ ಸೇರುವವರೆಗೂ ರಾಯಚೂರು, ದೇವದುರ್ಗ, ಮಾನ್ವಿಗಳ ಕಚೇರಿಗಳಲ್ಲಿ ಅದೇ ಸರಕಾರದ ಭಾಷೆ. ಒಕ್ಕಣೆ ಉರ್ದುವಿನಲ್ಲಿ, ರೈತನ ರುಜು ಕನ್ನಡದಲ್ಲಿ: ಇಂಥ ಕಾಗದಗಳು ನಮ್ಮ ಕಡೆಯ ಹಳೆಯ ಮನೆಗಳ ಪೆಟ್ಟಿಗೆಗಳಲ್ಲಿ ಈಗಲೂ ಇವೆ. ಉರ್ದು ಬರೆಯುವ ಮುನ್ಷಿಯ ಅಕ್ಷರ ಬಲದಿಂದ ಎಡಕ್ಕೆ ಹರಿಯುತ್ತದೆ; ಅಂಕಿ ಬಂದೊಡನೆ ಕೈ ಹೊರಳಿ ಎಡದಿಂದ ಬಲಕ್ಕೆ ಬರೆಯುತ್ತದೆ. ಅಂಕಿಗಳು ಮೂಲತಃ ಹಿಂದೂಸ್ಥಾನದಿಂದ ಅರಬ್ಬರಿಗೆ ಹೋದವು. ದೊಡ್ಡ ಸ್ಥಾನ ಎಡಕ್ಕಿರುವ ನಮ್ಮ ಕ್ರಮವನ್ನು ಅವರು ಹಾಗೆಯೇ ಉಳಿಸಿಕೊಂಡರು. ಮುನ್ಷಿಗೆ ಇದನ್ನು ಯಾರೂ ಸೂತ್ರವಾಗಿ ಹೇಳಿಕೊಡಲಿಲ್ಲ; ಕೈಗೇ ಗೊತ್ತಿತ್ತು.

ಯಂತ್ರಕ್ಕೆ ಕೈಯಿಲ್ಲ. ಅದಕ್ಕೆ ಸೂತ್ರ ಬೇಕು.

ಅಮೆರಿಕದ ಜೆರಾಕ್ಸ್ ಸಂಸ್ಥೆಯ ಜೋಸೆಫ್ ಬೆಕರ್ 1984ರಲ್ಲಿ ‘ಸೈಂಟಿಫಿಕ್ ಅಮೆರಿಕನ್’ ಪತ್ರಿಕೆಯಲ್ಲಿ ಬಹುಭಾಷಾ ಬರಹವನ್ನು ಕುರಿತು ಬರೆದ ಲೇಖನದಲ್ಲಿ ಇದರ ತಿರುಳಿದೆ: ಅಕ್ಷರಗಳನ್ನು ಓದುವ ಕ್ರಮದಲ್ಲಿಯೇ ಯಂತ್ರದ ನೆನಪಿನಲ್ಲಿಡಬೇಕು, ಎಡಬಲಗಳ ನಿರ್ಣಯವನ್ನು ತೆರೆಯ ಮೇಲೆ ತೋರಿಸುವಾಗ ಮಾಡಬೇಕು. ಮುಂದೆ ಯುನಿಕೋಡ್ ಇದೇ ತತ್ವವನ್ನು ಹಿಡಿದು ವಿಸ್ತಾರವಾದ ನಿಯಮಾವಳಿ ಮಾಡಿತು. ಪ್ರತಿ ಅಕ್ಷರಕ್ಕೂ ಅದರಲ್ಲಿ ಒಂದು ಜಾತಿಯಿದೆ. ಕನ್ನಡದ್ದು ಎಡದಿಂದ ಹೊರಡುವ ಜಾತಿ, ಉರ್ದುವಿನದು ಬಲದಿಂದ. ಅಂಕಿಗಳದು ದುರ್ಬಲ ಜಾತಿ, ಅಕ್ಕಪಕ್ಕದವರನ್ನು ನೋಡಿ ನಡೆಯುವುವು.

ಈ ದೌರ್ಬಲ್ಯದ ಪರಿಣಾಮವೇನೆಂಬುದು ಪರಿಚಿತರ ಮನೆಯ ಕಾಗದಗಳನ್ನು ಕಂಪ್ಯೂಟರಿನಲ್ಲಿ ಪಟ್ಟಿ ಮಾಡತೊಡಗಿದಾಗ ನನಗೆ ತಿಳಿಯಿತು. ಉರ್ದು ಪದವೊಂದರ ಮುಂದೆ ಉರ್ದು ಅಂಕಿಗಳಲ್ಲಿ 12-3 ಎಂದು ಬರೆದರೆ ತೆರೆಯ ಮೇಲೆ 3-12 ಎಂದು ಕಾಣುತ್ತಿತ್ತು. ಕನ್ನಡ ಪದದ ಮುಂದೆ ಅದೇ ಅಂಕಿ ಬರೆದರೆ 12-3 ಆಗಿಯೇ ಉಳಿಯುತ್ತಿತ್ತು. ಹೊಲದ ಸರ್ವೆ ನಂಬರಿನಲ್ಲಿ ಇದು ಹುಡುಗಾಟದ ಮಾತಲ್ಲ. ಹನ್ನೆರಡನೆಯ ನಂಬರಿನ ಮೂರನೆಯ ಹಿಸ್ಸೆ ಒಬ್ಬನದು. ಮೂರನೆಯ ನಂಬರಿನ ಹನ್ನೆರಡನೆಯ ಹಿಸ್ಸೆ ಇನ್ನೊಬ್ಬನದು.

ಇಲ್ಲಿ ನನಗೆ ನೆರವಾದದ್ದು ಡಿಬಗ್ಗರ್ ಎಂಬ ಸಾಧನ. ನಮ್ಮ ಶಕ್ತಿನಗರದ ಶಾಖೋತ್ಪನ್ನ ಸ್ಥಾವರದಲ್ಲಿ ಟರ್ಬೈನಿನ ಹೊಟ್ಟೆಯನ್ನು ನೋಡಬೇಕಾದರೆ ಘಟಕವನ್ನೇ ನಿಲ್ಲಿಸಿ, ಆರಿಸಿ, ಬಿಚ್ಚಬೇಕು. ಡಿಬಗ್ಗರಿಗೆ ಆ ಗೋಳಿಲ್ಲ. ಓಡುತ್ತಿರುವ ಪ್ರೋಗ್ರಾಮನ್ನು ಬೇಕಾದ ಹೆಜ್ಜೆಯಲ್ಲಿ ತಡೆದು, ಆ ಕ್ಷಣಕ್ಕೆ ಅದರ ಕೈಯಲ್ಲಿ ಏನಿದೆ ಎಂದು ತೋರಿಸುತ್ತದೆ. ಬಿಟ್ಟರೆ ಅಲ್ಲಿಂದಲೇ ಮುಂದೆ ನಡೆಯುತ್ತದೆ. ರಿಚರ್ಡ್ ಸ್ಟಾಲ್‌ಮನ್ 1986ರಲ್ಲಿ ಬರೆದ ಜಿ.ಡಿ.ಬಿ. ಇಂದಿಗೂ ಬಳಕೆಯಲ್ಲಿದೆ. ಎರಡು ದಿಕ್ಕಿನ ಬರಹವನ್ನು ಹೊಂದಿಸುವ ಫ್ರಿಬಿಡಿ ಎಂಬ ಪ್ರೋಗ್ರಾಮಿನ ಮೂಲ ಬರಹವೂ ಯಾರು ಬೇಕಾದರೂ ಓದಬಹುದಾದಂಥದು. ಎರಡನ್ನೂ ಜೊತೆಗೂಡಿಸಿ, ಆ ಒಂದು ಸಾಲನ್ನು ಅದರ ಬಾಯಿಗೆ ಕೊಟ್ಟು, ಹೆಜ್ಜೆ ಹೆಜ್ಜೆಗೂ ನಿಲ್ಲಿಸಿ ನೋಡಿದೆ.

ಮೊದಲು ಅಂಕಿಗಳಿಗೆಲ್ಲ ‘ಯುರೋಪಿನ ಅಂಕಿ’ ಎಂಬ ಜಾತಿಯೇ ಇತ್ತು. ಉರ್ದು ಅಂಕಿಗಳಿಗೂ ನಿಯಮಾವಳಿ ಅದನ್ನೇ ಕೊಟ್ಟಿದೆ. ಒಂದು ಹೆಜ್ಜೆಯಲ್ಲಿ ಪ್ರೋಗ್ರಾಮು ಹಿಂದಕ್ಕೆ ತಿರುಗಿ, ಅಂಕಿಗಿಂತ ಮೊದಲು ಬಂದ ಅಕ್ಷರ ಯಾವುದೆಂದು ಹುಡುಕಿತು. ಸಿಕ್ಕಿದ್ದು ಉರ್ದು ಅಕ್ಷರ. ಕೂಡಲೇ ಅಂಕಿಗಳ ಜಾತಿ ‘ಅರಬ್ಬಿ ಅಂಕಿ’ ಎಂದು ಬದಲಾಯಿತು. ಕುತೂಹಲದ ಸಂಗತಿ ಇದರ ನಂತರದ್ದು. ನಡುವಿನ ಅಡ್ಡಗೆರೆಗೆ ಎರಡು ಯುರೋಪಿನ ಅಂಕಿಗಳನ್ನು ಒಂದಾಗಿ ಕಟ್ಟುವ ಅಧಿಕಾರವುಂಟು. ಅರಬ್ಬಿ ಅಂಕಿಗಳನ್ನು ಕಟ್ಟುವ ಅಧಿಕಾರವಿಲ್ಲ. ಗಂಟು ಬಿಚ್ಚಿತು. ಕೊನೆಗೆ ಪ್ರತಿ ತುಣುಕಿಗೂ ಬಿದ್ದ ಮಟ್ಟದ ಸಂಖ್ಯೆಯನ್ನು ಕೇಳಿದರೆ 2, 1, 2 ಎಂದು ಬಂದಿತು. ಸಮಸಂಖ್ಯೆಯಾದರೆ ಎಡದಿಂದ, ಬೆಸವಾದರೆ ಬಲದಿಂದ. ಹನ್ನೆರಡು ಬಲಕ್ಕೂ ಮೂರು ಎಡಕ್ಕೂ ಹೋದ ಗುಟ್ಟು ಇದೇ. ಅಡ್ಡಗೆರೆಯ ಬದಲು ಓರೆಗೆರೆ ಹಾಕಿ ಮತ್ತೆ ಓಡಿಸಿದೆ: 2, 2, 2. ಓರೆಗೆರೆಗೆ ಎರಡೂ ಜಾತಿಯನ್ನು ಕಟ್ಟುವ ಹಕ್ಕಿದೆ!

ಇದನ್ನು ಪ್ರೋಗ್ರಾಮಿನ ದೋಷವೆನ್ನುವುದು ಅನ್ಯಾಯ. ಅರಬ್ಬಿಯಲ್ಲಿ ‘ಇಷ್ಟರಿಂದ ಇಷ್ಟರವರೆಗೆ’ ಎಂದು ಬರೆಯುವಾಗ ಮೊದಲ ಸಂಖ್ಯೆ ಬಲಕ್ಕೆ ಬರುವುದು ವಾಡಿಕೆ; ನಿಯಮ ಆ ವಾಡಿಕೆಗೆ ಒಪ್ಪುತ್ತದೆ. ಹೊಲದ ನಂಬರು ‘ಇಷ್ಟರವರೆಗೆ’ ಅಲ್ಲವೆಂಬುದು ನಮಗೆ ಗೊತ್ತು, ಅದಕ್ಕೆ ಗೊತ್ತಿಲ್ಲ, ಅಷ್ಟೆ. ಪಹಣಿಯ ಅರ್ಥ ತಿಳಿದವನಿಗೆ ಮಾತ್ರ ಬಿಡಿಸಲಾಗುವ ಸಂದೇಹವನ್ನು ಯಂತ್ರದ ಮೇಲೆ ಹೊರಿಸಿ ಫಲವೇನು?

ಅದೇ ಸಾಲಿನಲ್ಲಿ ಕನ್ನಡ ಅಂಕಿಗಳಲ್ಲಿ ೧೨-೩ ಎಂದು ಬರೆದೂ ನೋಡಿದೆ; ಅದು ಕದಲಲಿಲ್ಲ. ನಮ್ಮ ಅಂಕಿಗಳನ್ನು ನಿಯಮಾವಳಿ ದುರ್ಬಲರ ಸಾಲಿಗೆ ಸೇರಿಸದೆ ಅಕ್ಷರಗಳ ಸಮಕ್ಕೆ ಇರಿಸಿದೆ. ಆದರೆ ಮುನ್ಷಿ ಬರೆದ ಅಂಕಿಯನ್ನು ಬದಲಿಸುವುದು ನಕಲು ಮಾಡುವವನ ಧರ್ಮವಲ್ಲವಷ್ಟೆ. ಅಡ್ಡಗೆರೆಯನ್ನು ಓರೆಗೆರೆ ಮಾಡುವುದೂ ಅಷ್ಟೆ. ಉಳಿದದ್ದು ಒಂದು ದಾರಿ: ‘ಎಡದಿಂದ ಬಲಕ್ಕೆ’ ಎಂದು ಹೇಳುವ, ಕಣ್ಣಿಗೆ ಕಾಣದ ಗುರುತನ್ನು ಅಂಕಿಯ ಮುಂದೆ ಇಡುವುದು. ಹಾಗೆ ಇಟ್ಟು ಡಿಬಗ್ಗರಿನಲ್ಲಿ ನೋಡಿದಾಗ, ಹಿಂದಕ್ಕೆ ತಿರುಗಿದ ಪ್ರೋಗ್ರಾಮಿಗೆ ಉರ್ದು ಅಕ್ಷರಕ್ಕೆ ಬದಲು ಆ ಗುರುತೇ ಎದುರಾಯಿತು. ಅಂಕಿ ಜಾತಿ ಬದಲಿಸಲಿಲ್ಲ. ಹೀಗೆ ಗುರುತು ಹಾಕುತ್ತ ದೇವದುರ್ಗದ ಕಡೆಯ ಹಾಳೆಗಳನ್ನು ಮುಗಿಸಿದ್ದೇನೆ. ಮಾನ್ವಿಯವು ಇನ್ನೂ ಒಂದು ಕಟ್ಟು ಇವೆ.